ಯಂತ್ರದಿಂದ ಯಂತ್ರಕ್ಕೆ ನಡೆದ ಗುಹೆ

ಪಂಪನು ಬರೆದ, ಇಲ್ಲವೇ ಹೇಳಿ ಬರೆಯಿಸಿದ ಮೊದಲ ಓಲೆಯ ಕಟ್ಟು ಇಂದು ಯಾರ ಬಳಿಯಲ್ಲಿಯೂ ಇಲ್ಲ. ರನ್ನನದೂ ಇಲ್ಲ, ಜನ್ನನದೂ ಇಲ್ಲ. ತಾಳೆಯ ಗರಿಗೆ ಹುಳು ಹಿಡಿಯುತ್ತದೆ. ತೇವ ತಾಗಿದರೆ ಕೊಳೆಯುತ್ತದೆ. ಒಣಗಿದರೆ ಅಂಚು ಪುಡಿಯಾಗುತ್ತದೆ. ಆದರೂ ಆ ಕಾವ್ಯಗಳನ್ನು ನಾವು ಓದುತ್ತಿದ್ದೇವೆ. ಹಳೆಯ ಕಟ್ಟು ಪೂರ್ತಿ ಶಿಥಿಲವಾಗುವ ಮುನ್ನ ಅದನ್ನು ಹೊಸ ಗರಿಯ ಮೇಲೆ ಪ್ರತಿಯೆತ್ತುವ ಲಿಪಿಕಾರನೊಬ್ಬ ತಲೆಮಾರು ತಲೆಮಾರಿಗೂ ಸಿಕ್ಕಿದ್ದರಿಂದಲೇ ಅವು ಉಳಿದವು. ಆ ಲಿಪಿಕಾರರಲ್ಲಿ ಹೆಚ್ಚಿನವರ ಹೆಸರೂ ನಮಗೆ ತಿಳಿಯದು.

ಕಂಪ್ಯೂಟರಿನ ಆಟವೊಂದಕ್ಕೂ ಇದೇ ಮಾತು ಸಲ್ಲುತ್ತದೆಂದರೆ ವಾಚಕರು ಹುಬ್ಬೇರಿಸಬಹುದು. ಮಕ್ಕಳಾಟವೆಲ್ಲಿ, ಮಹಾಕಾವ್ಯವೆಲ್ಲಿ! ಆದರೆ ಉಳಿಯುವ ಕಷ್ಟ ಎರಡಕ್ಕೂ ಒಂದೇ. ಓಲೆಯ ಗ್ರಂಥ ಕೆಲವು ನೂರು ವರ್ಷಗಳಲ್ಲಿ ಜೀರ್ಣವಾದರೆ ಗಣಕಯಂತ್ರ ಹತ್ತು ಹದಿನೈದು ವರ್ಷಗಳಲ್ಲಿಯೇ ಮೂಲೆಗುಂಪಾಗುತ್ತದೆ. ಯಂತ್ರ ಹೋಯಿತೆಂದರೆ ಅದಕ್ಕೆಂದೇ ಬರೆದ ಕೋಡ್, ಎಂದರೆ ಯಂತ್ರವನ್ನು ನಡೆಸುವ ಆಜ್ಞೆಗಳ ಬರಹ, ಅಲ್ಲಿಯೇ ಮೂಕವಾಗುತ್ತದೆ. ಹೀಗಿರುವಾಗ ೧೯೭೬ರ ಸುಮಾರಿಗೆ ಅಮೆರಿಕದಲ್ಲಿ ಹುಟ್ಟಿದ ಆಟವೊಂದು ಇಂದಿಗೂ ಆಡಲು ಸಿಗುತ್ತದೆ. ಅದು ಹುಟ್ಟಿದ್ದು ಪಿಡಿಪಿ-೧೦ ಎಂಬ ಯಂತ್ರದಲ್ಲಿ. ಅದನ್ನು ತಯಾರಿಸುತ್ತಿದ್ದ ಡಿಜಿಟಲ್ ಕಂಪೆನಿ ೧೯೮೩ರಲ್ಲಿ ಆ ಮಾಲಿಕೆಯ ಮುಂದಿನ ಯಂತ್ರದ ಯೋಜನೆಯನ್ನೇ ಕೈಬಿಟ್ಟಿತು. ೧೯೯೮ರಲ್ಲಿ ಆ ಕಂಪೆನಿಯೇ ಮತ್ತೊಂದರ ವಶವಾಯಿತು. ಯಂತ್ರ ಹೋಯಿತು, ಕಂಪೆನಿ ಹೋಯಿತು, ಆಟ ಉಳಿಯಿತು. ಅದರ ಹೆಸರು ‘ಕೊಲೋಸಲ್ ಕೇವ್ ಅಡ್ವೆಂಚರ್’. ಬಳಕೆಯ ಮಾತಿನಲ್ಲಿ ಬರಿಯ ‘ಅಡ್ವೆಂಚರ್’.

ಅದು ಉಳಿದ ಬಗೆ ಹೇಗೆ? ಉಳಿಸಿದವರು ಯಾರು? ಉಳಿದದ್ದು ನಿಜವಾಗಿಯೂ ಅದೇ ಆಟವೇ? ಈ ಮೂರು ಪ್ರಶ್ನೆಗಳು ಕನ್ನಡದ ಪಾಠ ಹೇಳುವ ನನ್ನಂಥವನನ್ನೂ ಬಿಡದೆ ಕಾಡಿದ್ದಕ್ಕೆ ಕಾರಣವನ್ನು ಮುಂದೆ ವಾಚಕರೇ ಕಾಣಬಹುದು.

ಗುಹೆಯ ನಕ್ಷೆ

ಅಮೆರಿಕದ ಕೆಂಟಕಿ ಪ್ರಾಂತದಲ್ಲಿ ಮ್ಯಾಮತ್ ಕೇವ್ ಎಂಬ ಗುಹಾಸಮೂಹವಿದೆ. ಸುಣ್ಣಕಲ್ಲಿನ ಪದರಗಳನ್ನು ನೀರು ಯುಗಯುಗಗಳಿಂದ ಕೊರೆದು ಮಾಡಿದ ಈ ಪಾತಾಳಲೋಕದಲ್ಲಿ ಇದುವರೆಗೆ ಅಳೆದು ನಕ್ಷೆಗಿಳಿಸಿರುವ ಹಾದಿಗಳ ಉದ್ದವೇ ೬೮೦ ಕಿಲೋಮೀಟರಿಗೂ ಹೆಚ್ಚು. ಇದಕ್ಕಿಂತ ಉದ್ದದ ಗುಹೆ ಭೂಮಿಯ ಮೇಲೆ ಬೇರೊಂದು ಗೊತ್ತಾಗಿಲ್ಲ. ೧೯೭೨ರ ಸೆಪ್ಟೆಂಬರ್ ೯ರಂದು ಆರು ಜನರ ತಂಡವೊಂದು ನೆರೆಯ ಫ್ಲಿಂಟ್ ರಿಜ್ ಗುಹೆಗಳ ಕಡೆಯಿಂದ ತೆವಳುತ್ತ, ನೀರಿನಲ್ಲಿ ನಡೆಯುತ್ತ, ಮ್ಯಾಮತ್ ಗುಹೆಯೊಳಕ್ಕೆ ಬಂದು ತಲುಪಿ, ಎರಡೂ ಒಂದೇ ಗುಹೆಯೆಂಬುದನ್ನು ಸ್ಥಾಪಿಸಿತು. ಆ ತಂಡದಲ್ಲಿ ಪ್ಯಾಟ್ರಿಷಿಯಾ ಕ್ರೌದರ್ ಎಂಬ ಮಹಿಳೆಯೂ ಇದ್ದರು.

ಆಕೆಯ ಪತಿ ವಿಲಿಯಂ ಕ್ರೌದರ್ ಅವರಿಗೂ ಗುಹೆಗಳೆಂದರೆ ಪ್ರಾಣ. ಉದ್ಯೋಗದಿಂದ ಅವರು ಪ್ರೋಗ್ರಾಮರ್. ಮಸಾಚುಸೆಟ್ಸ್ ಪ್ರಾಂತದ ಬೋಲ್ಟ್ ಬೆರನೆಕ್ ಮತ್ತು ನ್ಯೂಮನ್ ಸಂಸ್ಥೆಯಲ್ಲಿ, ಇಂದಿನ ಇಂಟರ್‌ನೆಟ್ಟಿನ ಪೂರ್ವಜನಾದ ಆರ್ಪಾನೆಟ್ಟನ್ನು ಕಟ್ಟಿದ ಚಿಕ್ಕ ತಂಡದಲ್ಲಿ ಅವರೊಬ್ಬರು. ೧೯೬೯ರಲ್ಲಿ ಮೊದಲು ಸ್ಥಾಪಿತವಾದ ಸಂದೇಶವಾಹಕ ಯಂತ್ರಗಳಿಗೆ ಕೋಡ್ ಬರೆದವರಲ್ಲಿಯೂ ಅವರಿದ್ದರು. ಗಂಡಹೆಂಡಿರಿಬ್ಬರೂ ಗುಹೆಯಲ್ಲಿ ತೆಗೆದುಕೊಂಡು ಬಂದ ಅಳತೆಗಳನ್ನು ಮನೆಯಲ್ಲಿದ್ದ ಟೆಲಿಟೈಪ್ ಮೂಲಕ ಕಚೇರಿಯ ಪಿಡಿಪಿ-೧ ಗಣಕಕ್ಕೆ ಊಡಿ ನಕ್ಷೆ ಬರೆಯಿಸುತ್ತಿದ್ದರು. ಕತ್ತಲೆಯಲ್ಲಿ ಮೊಣಕಾಲೂರಿ ಹಿಡಿದ ಅಳತೆಪಟ್ಟಿ ಹಗಲಿನಲ್ಲಿ ಕಾಗದದ ಮೇಲಿನ ರೇಖೆಯಾಗುತ್ತಿತ್ತು.

ಆ ಸಂಸಾರ ಮುಂದೆ ನಿಲ್ಲಲಿಲ್ಲ. ೧೯೭೦ರ ದಶಕದ ನಡುವೆ ಅವರಿಗೆ ವಿಚ್ಛೇದನವಾಯಿತು. ಇಬ್ಬರು ಹೆಣ್ಣುಮಕ್ಕಳಿಂದ ದೂರವಾದ ಕ್ರೌದರ್ ಅವರಿಗೆ ಗುಹೆಯ ಕಡೆಗೆ ಹೋಗುವುದೂ ತಪ್ಪಿತು. ಆಗ ಅವರಿಗೆ ಹೊಳೆದದ್ದು ಈ ಆಟ. ತಾನು ಬಲ್ಲ ಗುಹೆಯನ್ನು ಮಾತುಗಳಲ್ಲಿ ಮತ್ತೆ ಕಟ್ಟಬೇಕು. ಅದರಲ್ಲಿ ಒಂದಷ್ಟು ಮಾಟ, ನಿಧಿ, ಕೊಡಲಿ ಎಸೆಯುವ ಕುಬ್ಜರು ಇರಬೇಕು. ಮಕ್ಕಳು ತನ್ನನ್ನು ನೋಡಲು ಬಂದಾಗ ಯಂತ್ರವೆಂದು ಹೆದರದೆ ಅದರೊಡನೆ ಮಾತನಾಡುವಂತಿರಬೇಕು. ಗಣಕದ ಮಾತು ಗಣಕ ಬಲ್ಲವರಿಗೆ ಮಾತ್ರ ಎಂದಿದ್ದ ಕಾಲದಲ್ಲಿ ಇದು ಸಣ್ಣ ಸಂಕಲ್ಪವೇನಲ್ಲ.

ಆಟದಲ್ಲಿ ಚಿತ್ರವಿಲ್ಲ, ಸದ್ದಿಲ್ಲ. ನೀನು ಒಂದು ದಾರಿಯ ಕೊನೆಯಲ್ಲಿರುವೆ, ಎದುರಿಗೆ ಚಿಕ್ಕ ಇಟ್ಟಿಗೆಯ ಮನೆ, ಸುತ್ತಲೂ ಕಾಡು, ಮನೆಯಿಂದ ಹರಿದು ಬರುವ ತೊರೆ ಎಂದು ಯಂತ್ರ ವರ್ಣಿಸುತ್ತದೆ. ಆಡುವವನು ಒಂದೆರಡು ಪದಗಳಲ್ಲಿ ಉತ್ತರ ಕೊಡಬೇಕು: ಒಳಗೆ ಹೋಗು, ದೀಪ ತೆಗೆದುಕೋ, ಕೆಳಗಿಳಿ. ‘ಕ್ಸಿಜ಼ಿ’ ಎಂಬಂಥ ಅರ್ಥವಿಲ್ಲದ ಮಂತ್ರವನ್ನು ಉಚ್ಚರಿಸಿದರೆ ಕ್ಷಣಾರ್ಧದಲ್ಲಿ ಗುಹೆಯ ಒಳಗಿನಿಂದ ಮನೆಗೆ ಬಂದು ಬೀಳಬಹುದು. ಅಜ್ಜಿಯ ಕಥೆ ಕೇಳುವ ಮಗು ‘ಹ್ಞೂಂ’ಗುಟ್ಟುವುದರ ಬದಲು ಕಥೆಯ ರಾಜಕುಮಾರನಿಗೆ ತಾನೇ ದಾರಿ ಹೇಳಿದಂತೆ ಇದರ ಸೊಗಸು. ಗುಹೆಯ ಆ ಭಾಗಕ್ಕೆ ಬೆಡ್‌ಕ್ವಿಲ್ಟ್ ಎಂದು ಹೆಸರು. ಆಟದ ಭೂಗೋಳ ನಿಜವಾದ ಗುಹೆಗೆ ಅದೆಷ್ಟು ಹೊಂದುತ್ತದೆಂದರೆ, ಆಟವನ್ನಷ್ಟೇ ಬಲ್ಲವರು ಮೊದಲ ಸಲ ಅಲ್ಲಿಗಿಳಿದಾಗಲೂ ದಾರಿಯ ಗುರುತು ಹಿಡಿದದ್ದುಂಟೆಂದು ಗುಹೆಯನ್ನು ಬಲ್ಲವರು ಹೇಳುತ್ತಾರೆ.

ಎರಡನೆಯ ಕವಿ

ಕ್ರೌದರ್ ಅವರ ಮೊದಲ ಬರಹ ಚಿಕ್ಕದು. ಫೋರ್ಟ್ರಾನ್ ಭಾಷೆಯಲ್ಲಿ ಸುಮಾರು ೭೦೦ ಸಾಲು ಕೋಡ್, ಇನ್ನು ಸುಮಾರು ೭೦೦ ಸಾಲು ದತ್ತಾಂಶ. ಯಂತ್ರಕ್ಕೆ ಗೊತ್ತಿದ್ದ ಪದಗಳು ೧೯೩. ಅದು ಆರ್ಪಾನೆಟ್ಟಿನ ತಂತಿಗಳನ್ನು ಹಿಡಿದು, ಯಾರೂ ಕಳುಹಿಸದೆಯೇ, ಊರಿಂದೂರಿಗೆ ಹೋಯಿತು. ೧೯೭೬ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಡಾನ್ ವುಡ್ಸ್ ಅಲ್ಲಿಯ ವೈದ್ಯಕೀಯ ವಿಭಾಗದ ಗಣಕದಲ್ಲಿ ಅದನ್ನು ಕಂಡರು. ಆಟದೊಳಗೆ ಕ್ರೌದರ್ ಎಂಬ ಹೆಸರಿತ್ತೇ ಹೊರತು ವಿಳಾಸವಿರಲಿಲ್ಲ. ವುಡ್ಸ್ ಮಾಡಿದ ಉಪಾಯ ಸರಳವಾದದ್ದು: ಆ ಜಾಲದಲ್ಲಿದ್ದ ಒಂದೊಂದು ಗಣಕಕ್ಕೂ ಕ್ರೌದರ್ ಎಂಬ ಹೆಸರಿಗೆ ಪತ್ರ ಬರೆದರು. ಜಾಲದ ಗಣಕಗಳನ್ನು ಎಣಿಸಬಹುದಾಗಿದ್ದ ಕಾಲ ಅದು. ಒಂದು ಪತ್ರ ಮುಟ್ಟಬೇಕಾದವರಿಗೆ ಮುಟ್ಟಿತು. ಕ್ರೌದರ್ ಒಪ್ಪಿಗೆಯನ್ನೂ ಕೋಡನ್ನೂ ಕೊಟ್ಟರು.

ವುಡ್ಸ್ ಅದನ್ನು ೧೯೭೭ರಲ್ಲಿ ಬೆಳೆಸಿ ಹೊರತಂದರು. ಸುಮಾರು ೩,೦೦೦ ಸಾಲು ಕೋಡ್, ೧,೮೦೦ ಸಾಲು ದತ್ತಾಂಶ, ೧೪೦ ಸ್ಥಳಗಳು, ೨೯೩ ಪದಗಳು. ಹೊಸದಾಗಿ ಒಬ್ಬ ದೈತ್ಯ, ಒಂದು ಅಗ್ನಿಪರ್ವತದ ನೋಟ, ಗೆಲುವನ್ನು ಅಳೆಯುವ ೩೫೦ ಅಂಕಗಳ ಲೆಕ್ಕ. ಇಬ್ಬರು ಕವಿಗಳು ಸೇರಿ ಒಂದು ಕಾವ್ಯವನ್ನು ಮುಗಿಸಿದ ಉದಾಹರಣೆಗಳು ಭಾರತೀಯರಿಗೆ ಹೊಸವಲ್ಲ. ಇಲ್ಲಿಯ ವಿಶೇಷವೆಂದರೆ ಎರಡನೆಯವನು ಮೊದಲನೆಯವನ ಅಪ್ಪಣೆ ಬೇಡಿದ್ದು, ಅದೂ ಬೇಡಲೇಬೇಕೆಂಬ ಕಟ್ಟಳೆ ಯಾವುದೂ ಇಲ್ಲದಿದ್ದಾಗ. ಮುಂದೆ ನಾಲ್ವತ್ತು ವರ್ಷಗಳ ಮೇಲೆ ಈ ಸೌಜನ್ಯವೇ ಆಟದ ನೆರವಿಗೆ ಬಂದಿತು.

ಮೂವತ್ತಾರು ಮನೆಯ ಪೆಟ್ಟಿಗೆ

ಒಂದು ಯಂತ್ರಕ್ಕಾಗಿ ಬರೆದದ್ದನ್ನು ಇನ್ನೊಂದು ಯಂತ್ರಕ್ಕೆ ಹೊಂದಿಸಿ ಒಯ್ಯುವುದಕ್ಕೆ ಬಲ್ಲವರು ‘ಪೋರ್ಟಿಂಗ್’ ಎನ್ನುತ್ತಾರೆ. ಬರಿಯ ನಕಲಾದರೆ ಇದಕ್ಕೆ ಇಷ್ಟು ಶ್ರಮವೇಕೆ ಎಂದು ಕೇಳಬಹುದು. ಶ್ರಮದ ಮೂಲವನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ.

ಗಣಕವು ಅಕ್ಷರವನ್ನಾಗಲಿ ಸಂಖ್ಯೆಯನ್ನಾಗಲಿ ಸೊನ್ನೆ-ಒಂದುಗಳ ಸಾಲಾಗಿ ಇಟ್ಟುಕೊಳ್ಳುತ್ತದೆ. ಒಂದೊಂದು ಸೊನ್ನೆ ಅಥವಾ ಒಂದಕ್ಕೆ ಬಿಟ್ ಎಂದು ಹೆಸರು. ಪಿಡಿಪಿ-೧೦ ಒಂದು ಸಲಕ್ಕೆ ೩೬ ಬಿಟ್‌ಗಳ ಒಂದು ಕಟ್ಟನ್ನು ಎತ್ತುತ್ತಿತ್ತು. ಮೂವತ್ತಾರು ಮನೆಗಳುಳ್ಳ ಪೆಟ್ಟಿಗೆಯೆಂದು ಭಾವಿಸಿಕೊಳ್ಳಿ. ಏಳು ಬಿಟ್ಟಿನ ಅಕ್ಷರಗಳು ಅದರಲ್ಲಿ ಐದು ಹಿಡಿಸುತ್ತವೆ, ಒಂದು ಮನೆ ಉಳಿಯುತ್ತದೆ. ಆ ಕಾಲದ ಫೋರ್ಟ್ರಾನ್ ಭಾಷೆಗೆ ಪದವೆಂಬ ವಸ್ತುವೇ ಗೊತ್ತಿರಲಿಲ್ಲ. ಅದು ಬಲ್ಲದ್ದು ಸಂಖ್ಯೆಯನ್ನು ಮಾತ್ರ. ಆದ್ದರಿಂದ ಪದವನ್ನು ಸಂಖ್ಯೆಯ ಪೆಟ್ಟಿಗೆಯಲ್ಲಿ ಅಡಗಿಸಿಡಬೇಕಾಗಿತ್ತು. ಆಟವು ಪ್ರತಿ ಪದದ ಮೊದಲ ಐದು ಅಕ್ಷರಗಳನ್ನಷ್ಟೇ ನೋಡುತ್ತಿದ್ದುದಕ್ಕೆ ಇದೇ ಕಾರಣ. ಇಂಗ್ಲಿಷಿನಲ್ಲಿ ಉತ್ತರ ದಿಕ್ಕಿನ ಹೆಸರು ‘ನಾರ್ತ್’, ಈಶಾನ್ಯದ್ದು ‘ನಾರ್ತ್‌ಈಸ್ಟ್’. ಎರಡರಲ್ಲಿಯೂ ಮೊದಲ ಐದು ಅಕ್ಷರಗಳು ಒಂದೇ! ಈಶಾನ್ಯಕ್ಕೆ ಹೋಗಬೇಕೆಂದು ಪೂರ್ತಿ ಪದ ಬರೆದವನು ಉತ್ತರಕ್ಕೆ ನಡೆದುಬಿಡುತ್ತಿದ್ದ. ಆದ್ದರಿಂದ ‘ಎನ್‌ಇ’ ಎಂದು ಹ್ರಸ್ವವಾಗಿಯೇ ಬರೆಯಬೇಕೆಂದು ಆಟವೇ ಮೊದಲಲ್ಲಿ ಎಚ್ಚರಿಸುತ್ತಿತ್ತು. ಯಂತ್ರದ ಮೈಕಟ್ಟು ಕಥೆಯ ಮಾತಿಗೆ ಹೀಗೆ ಅಚ್ಚೊತ್ತಿತು.

ಮುಂದೆ ಬಂದ ಯಂತ್ರಗಳ ಪೆಟ್ಟಿಗೆಗೆ ಮೂವತ್ತೆರಡೇ ಮನೆ, ಅಕ್ಷರವೊಂದಕ್ಕೆ ಎಂಟು. ನಾಲ್ಕು ಅಕ್ಷರ ಹಿಡಿಸಿದವು, ಐದನೆಯದು ಹೊರಗೆ ಉಳಿಯಿತು. ಐದೇ ಅಕ್ಷರ ಬೇಕೆಂದು ಹಟ ಹಿಡಿದವರು ಅಕ್ಷರವನ್ನು ಆರು ಬಿಟ್ಟಿಗೆ ಕುಗ್ಗಿಸಿದರು. ಐದಾರಲ ಮೂವತ್ತು, ಹೇಗೋ ತೂರಿತು. ಆದರೆ ಆರು ಬಿಟ್ಟಿನಲ್ಲಿ ಗುರುತಿಸಬಹುದಾದ ಚಿಹ್ನೆಗಳು ಅರವತ್ತನಾಲ್ಕು ಮಾತ್ರ. ಒಂದು ತೇಪೆ ಹಾಕಿದರೆ ಅದನ್ನು ಮುಚ್ಚಲು ಇನ್ನೊಂದು ತೇಪೆ ಬೇಕಾಗುತ್ತದೆ. ಮನೆ ಬದಲಾಯಿಸುವಾಗ ಹಳೆಯ ಮನೆಯ ಬಾಗಿಲಿನ ಅಳತೆಗೆ ಮಾಡಿಸಿದ ಮಂಚ ಹೊಸ ಮನೆಯೊಳಗೆ ಹೋಗದಿದ್ದರೆ ಕಾಲನ್ನು ಕೊಯ್ಯುವುದೋ, ಬಾಗಿಲನ್ನು ಒಡೆಯುವುದೋ? ಪೋರ್ಟಿಂಗಿನ ಪಾಡೆಲ್ಲ ಇದೇ.

ಊರಿಗೊಂದು ವೇಷ

ವುಡ್ಸ್ ಅವರ ಆಟಕ್ಕೆ ಪಿಡಿಪಿ-೧೦ರಲ್ಲಿ ಸುಮಾರು ೬೦,೦೦೦ ಪೆಟ್ಟಿಗೆಗಳಷ್ಟು ಸ್ಮೃತಿ ಬೇಕಾಗಿತ್ತು. ಇಂದಿನ ಲೆಕ್ಕದಲ್ಲಿ ೩೦೦ ಕಿಲೋಬೈಟಿಗೆ ಸ್ವಲ್ಪ ಕಡಿಮೆ. ಆಗ ಅಂಥ ದೊಡ್ಡ ಯಂತ್ರವನ್ನು ಹತ್ತಾರು ಜನ ಹಂಚಿಕೊಂಡು ಬಳಸುತ್ತಿದ್ದುದರಿಂದ ಆಟ ಕೆಲಸಕ್ಕೆ ಅಡ್ಡಿಯಾಗಬಾರದೆಂದು ಗುಹೆಗೆ ‘ತೆರೆದಿರುವ ವೇಳೆ’ ಎಂಬ ಕಟ್ಟುಪಾಡನ್ನೂ ಕೋಡಿನಲ್ಲಿ ಇಟ್ಟಿದ್ದರು. ಕಚೇರಿಯ ಹೊತ್ತಿನಲ್ಲಿ ಬಂದವನಿಗೆ ಗುಹೆಯ ಬಾಗಿಲು ಮುಚ್ಚಿದೆಯೆಂಬ ಉತ್ತರ ಬರುವಂತೆ ಮಾಡಬಹುದಾಗಿತ್ತು. ಒಬ್ಬನಿಗೊಂದು ಗಣಕವಿರುವ ಕಾಲದಲ್ಲಿ ಈ ಭಾಗಕ್ಕೆ ಅರ್ಥವೇ ಇಲ್ಲದಾಯಿತು. ಹೊಸ ಯಂತ್ರಕ್ಕೆ ಒಯ್ಯುವವನು ಏನನ್ನು ಹೊಂದಿಸಬೇಕು ಎಂಬುದರ ಜೊತೆಗೆ ಏನನ್ನು ಬಿಡಬೇಕು ಎಂಬುದನ್ನೂ ನಿರ್ಣಯಿಸಬೇಕಾಗುತ್ತದೆ ಎನ್ನುವುದಕ್ಕೆ ಇದೊಂದು ನಿದರ್ಶನ.

೧೯೭೭ರಲ್ಲಿಯೇ ರ‍್ಯಾಂಡ್ ಸಂಸ್ಥೆಯ ಜಿಮ್ ಗಿಲಾಗ್ಲಿ ಅವರು ಮೂಲಕರ್ತರಿಬ್ಬರ ಒಪ್ಪಿಗೆಯಿಂದ ಅದನ್ನು ಸಿ ಭಾಷೆಗೆ ತಂದು ಯುನಿಕ್ಸ್ ಯಂತ್ರಗಳಿಗೆ ಒಯ್ದರು. ಆ ಪ್ರತಿ ಬರ್ಕ್ಲಿಯ ಯುನಿಕ್ಸಿನ ಆಟಗಳ ಗಂಟಿನಲ್ಲಿ ಸೇರಿ ಊರೂರು ತಿರುಗಿತು. ೧೯೭೯ರಲ್ಲಿ ಮೈಕ್ರೋಸಾಫ್ಟ್ ಕಂಪೆನಿಯು ಮನೆಯ ಚಿಕ್ಕ ಗಣಕವಾದ ಟಿಆರ್‌ಎಸ್-೮೦ಕ್ಕೆ ಅದರ ರೂಪವೊಂದನ್ನು ಹೊರತಂದಿತು. ಅದಕ್ಕೆ ೩೨ ಕಿಲೋಬೈಟು ಸ್ಮೃತಿ ಸಾಕಾಗಿತ್ತು. ಮುನ್ನೂರು ಸೇರಿನ ಕಾಳನ್ನು ಮೂವತ್ತು ಸೇರಿನ ಚೀಲಕ್ಕೆ ತುಂಬಿದ ಜಾಣತನವೇನೆಂದರೆ, ಕಥೆಯ ಮಾತುಗಳನ್ನು ಡಿಸ್ಕಿನಲ್ಲಿಯೇ ಬಿಟ್ಟು, ಬೇಕಾದಾಗ ಬೇಕಾದಷ್ಟನ್ನು ಮಾತ್ರ ಓದಿಕೊಳ್ಳುವುದು. ೧೯೮೧ರಲ್ಲಿ ಐಬಿಎಂ ಪರ್ಸನಲ್ ಕಂಪ್ಯೂಟರ್ ಬಂದಾಗ ಅದರ ಮೊದಲ ಆಟಗಳಲ್ಲಿಯೂ ಇದು ಒಂದಾಗಿತ್ತು. ೧೯೯೮ರಲ್ಲಿ ಸ್ಟ್ಯಾನ್‌ಫರ್ಡಿನ ಪ್ರಸಿದ್ಧ ಗಣಕವಿಜ್ಞಾನಿ ಡೊನಾಲ್ಡ್ ಕ್ನೂತ್ ಅವರು, ಕೋಡ್ ಎಂಬುದು ಮನುಷ್ಯರು ಕುಳಿತು ಓದುವ ಪ್ರಬಂಧದಂತಿರಬೇಕೆಂಬ ತಮ್ಮ ಮತಕ್ಕನುಸಾರವಾಗಿ, ೧೯೭೭ರ ಆಟವನ್ನು ವ್ಯಾಖ್ಯಾನಸಹಿತವಾಗಿ ಹೊಸದಾಗಿ ಬರೆದರು. ಮಲ್ಲಿನಾಥನು ಕಾಳಿದಾಸನಿಗೆ ವ್ಯಾಖ್ಯಾನ ಬರೆದಂತೆ ಎನ್ನಬಹುದು.

ಇತ್ತ ಹಲವರು ತಮಗೆ ತೋಚಿದ ಕೋಣೆ, ನಿಧಿಗಳನ್ನು ಸೇರಿಸುತ್ತ ಹೋದರು. ಒಂದು ಪಾಠದ ಪೂರ್ಣಾಂಕ ೩೫೦ ಆದರೆ ಇನ್ನೊಂದರದು ೫೫೦. ವುಡ್ಸ್ ಅವರೇ ೧೯೯೫ರಲ್ಲಿ ಪ್ರಕಟಿಸಿದ ೨.೫ ಎಂಬ ಪಾಠಕ್ಕೆ ೪೩೦. ಕೊನೆಗೆ ಪ್ರತಿಗಳನ್ನು ಅಂಕದ ಮೇಲೆಯೇ ಗುರುತಿಸುವ ಪದ್ಧತಿ ಬಂದಿತು. ‘ಕ’ ಪ್ರತಿ, ‘ಖ’ ಪ್ರತಿ ಎಂದು ಓಲೆಯ ಕಟ್ಟುಗಳಿಗೆ ಗುರುತು ಹಾಕುವ ನಮ್ಮ ಗ್ರಂಥಸಂಪಾದಕರಿಗೆ ಈ ದೃಶ್ಯ ಪರಿಚಿತವೇ ಸರಿ. ಪ್ರಕ್ಷೇಪಗಳು, ಪಾಠಾಂತರಗಳು, ಲಿಪಿಕಾರನ ಕೈತಪ್ಪುಗಳು, ಎಲ್ಲವೂ ಇಲ್ಲಿಯೂ ಇವೆ.

ಮೂಲಪ್ರತಿಯ ಶೋಧ

ಈ ನಡುವೆ ಒಂದು ವಿಚಿತ್ರ ನಡೆದಿತ್ತು. ಎಲ್ಲರ ಬಳಿಯೂ ಇದ್ದದ್ದು ವುಡ್ಸ್ ಅವರ ಪರಿಷ್ಕರಣ ಮತ್ತು ಅದರ ಸಂತತಿ. ಕ್ರೌದರ್ ತಮ್ಮ ಮಕ್ಕಳಿಗಾಗಿ ಬರೆದ ಮೊದಲ ಕೋಡ್ ಮಾತ್ರ ಎಲ್ಲಿಯೂ ಇರಲಿಲ್ಲ. ಕಳೆದೇ ಹೋಯಿತೆಂದು ಬಲ್ಲವರು ಕೈಬಿಟ್ಟಿದ್ದರು. ಅವರು ಬರೆದದ್ದು ಬರಿಯ ಗುಹೆಯ ವರ್ಣನೆಯಾಗಿತ್ತೆಂದೂ, ಮಾಟಮಂತ್ರ, ನಿಧಿಗಳನ್ನೆಲ್ಲ ಸೇರಿಸಿದವರು ವುಡ್ಸ್ ಎಂದೂ ಒಂದು ಮಾತು ಹಬ್ಬಿತ್ತು. ಮೂಲವಿಲ್ಲದಾಗ ಊಹೆಯೇ ಚರಿತ್ರೆಯಾಗುತ್ತದೆ.

ಡೆನಿಸ್ ಜೆರ್ಜ಼್ ಎಂಬ ಅಮೆರಿಕದ ಸಾಹಿತ್ಯದ ಅಧ್ಯಾಪಕರು ಈ ಮೂಲವನ್ನು ಬೆನ್ನು ಹತ್ತಿದರು. ೨೦೦೫ರಲ್ಲಿ ಅದು ದೊರೆಯಿತು. ಎಲ್ಲಿ? ಸ್ಟ್ಯಾನ್‌ಫರ್ಡಿನ ಗಣಕದಲ್ಲಿ ವುಡ್ಸ್ ಅವರು ವಿದ್ಯಾರ್ಥಿಯಾಗಿದ್ದಾಗ ಇಟ್ಟಿದ್ದ ಕಡತಗಳ ಹಳೆಯ ನಕಲಿನಲ್ಲಿ! ಕ್ರೌದರ್ ಕಳುಹಿಸಿದ ಕಡತ ಅಲ್ಲಿ ಹಾಗೆಯೇ ಮಲಗಿತ್ತು. ಅದನ್ನು ತೆರೆದು ನೋಡಿದರೆ ಮಾಟದ ಮಂತ್ರವೂ ಇತ್ತು, ಕುಬ್ಜರೂ ಇದ್ದರು, ನಿಧಿಯೂ ಇತ್ತು. ಜೆರ್ಜ಼್ ಅವರು ಕೋಡನ್ನು ಓದಿದ್ದಷ್ಟೇ ಅಲ್ಲ, ಕೆಂಟಕಿಯ ಗುಹೆಗೂ ಇಳಿದು ಎರಡನ್ನೂ ಹೋಲಿಸಿ ೨೦೦೭ರಲ್ಲಿ ದೀರ್ಘ ಪ್ರಬಂಧವನ್ನು ಪ್ರಕಟಿಸಿದರು. ತಂದೆಯೊಬ್ಬ ಮಕ್ಕಳಿಗೆಂದು ಕಟ್ಟಿದ ಗುಹೆಯ ನಿಜವಾದ ರೂಪ ಲೋಕಕ್ಕೆ ತಿಳಿಯಲು ಮೂವತ್ತು ವರ್ಷ ಬೇಕಾಯಿತು. ಅದೂ ಯಾರೋ ಒಬ್ಬರು ಹಳೆಯ ಕಡತಗಳನ್ನು ಅಳಿಸದೆ ಇಟ್ಟಿದ್ದ ಪುಣ್ಯದಿಂದ.

ಜೀರ್ಣೋದ್ಧಾರ

೨೦೧೭ರಲ್ಲಿ ಎರಿಕ್ ರೇಮಂಡ್ ಎಂಬ ಪ್ರೋಗ್ರಾಮರ್, ಕ್ರೌದರ್ ಮತ್ತು ವುಡ್ಸ್ ಇಬ್ಬರ ಸಮ್ಮತಿಯನ್ನೂ ಪ್ರೋತ್ಸಾಹವನ್ನೂ ಪಡೆದು, ೪೩೦ ಅಂಕಗಳ ಪಾಠವನ್ನು ‘ಓಪನ್ ಅಡ್ವೆಂಚರ್’ ಎಂಬ ಹೆಸರಿನಲ್ಲಿ ಮುಕ್ತವಾಗಿ ಪ್ರಕಟಿಸಿದರು. ಮುಕ್ತವೆಂದರೆ ಕೋಡನ್ನು ಯಾರೂ ಓದಬಹುದು, ತಿದ್ದಬಹುದು, ಹಂಚಬಹುದು. ಕರ್ತೃಗಳ ಹಕ್ಕಿನ ಒಕ್ಕಣೆಯನ್ನು ಮಾತ್ರ ತೆಗೆಯಕೂಡದು. ಅಲ್ಲಿಯವರೆಗೆ ಜನರು ರೂಢಿಯಿಂದ ನಕಲು ಮಾಡಿಕೊಳ್ಳುತ್ತಿದ್ದುದಕ್ಕೆ ಈಗ ಬರಹದ ಅಧಿಕಾರ ದೊರೆಯಿತು. ಬೀಗವಿಲ್ಲದ ಮನೆಗೂ ಪತ್ರವಿಲ್ಲದ ಮನೆಗೂ ವ್ಯತ್ಯಾಸವಿದೆಯಷ್ಟೆ. ಪತ್ರವಿಲ್ಲದ ಮನೆಯನ್ನು ದುರಸ್ತಿ ಮಾಡಿಸಲು ಯಾರೂ ಮುಂದೆ ಬರುವುದಿಲ್ಲ.

ರೇಮಂಡ್ ಮತ್ತು ಅವರ ಜೊತೆಗಾರರ ಕೈಗೆ ಬಂದದ್ದು ಫೋರ್ಟ್ರಾನಿನಿಂದ ಸಿ ಭಾಷೆಗೆ ಯಾಂತ್ರಿಕವಾಗಿ ಭಾಷಾಂತರಗೊಂಡ ಕೋಡ್. ಯಾಂತ್ರಿಕ ಭಾಷಾಂತರ ಹೇಗಿರುತ್ತದೆಂಬುದು ಸಾಹಿತ್ಯದವರಿಗೆ ಹೊಸದಾಗಿ ಹೇಳಬೇಕಾದ್ದಿಲ್ಲ. ಅಕ್ಷರಕ್ಕೆ ಅಕ್ಷರ ಸರಿಯಿರುತ್ತದೆ, ವಾಕ್ಯ ಓದಲಾಗುವುದಿಲ್ಲ. ಆ ಕೋಡಿನಲ್ಲಿ ‘ಗೋಟು’ ಎಂಬ ಆಜ್ಞೆಗಳು ೩೫೦ಕ್ಕೂ ಹೆಚ್ಚಿದ್ದವು. ‘ಇಲ್ಲಿಂದ ಇಂಥ ಸಾಲಿಗೆ ಹಾರು’ ಎಂಬುದು ಅದರ ಅರ್ಥ. ಪುಸ್ತಕವೊಂದರ ಪುಟಪುಟದಲ್ಲಿಯೂ ‘ಮುಂದಿನದನ್ನು ೮೭ನೆಯ ಪುಟದಲ್ಲಿ ನೋಡಿ’ ಎಂದು ಬರೆದಿದ್ದರೆ ಓದುವವನ ಗತಿಯೇನು? ಗುಹೆಗಿಂತ ಗುಹೆಯ ಕೋಡೇ ಹೆಚ್ಚು ಸುತ್ತುಬಳಸಾಗಿತ್ತು. ಅವರು ಆ ಹಾರಾಟಗಳನ್ನು ಕ್ರಮವಾದ ವಾಕ್ಯರಚನೆಗೆ ತಂದರು. ಆರು ಬಿಟ್ಟಿನ ಅಕ್ಷರಗಳನ್ನು ತುರುಕುವ ಕಸರತ್ತನ್ನು ಪೂರ್ತಿಯಾಗಿ ಕಿತ್ತು, ಪದವನ್ನು ಪದವಾಗಿಯೇ ಇಟ್ಟರು. ಕೋಣೆಗಳು, ವಸ್ತುಗಳು, ಮಾತುಗಳು ಎಲ್ಲವನ್ನೂ ಕೋಡಿನಿಂದ ಬೇರ್ಪಡಿಸಿ, ಸಾಮಾನ್ಯರೂ ಓದಿ ತಿದ್ದಬಹುದಾದ ಒಂದು ಕಡತದಲ್ಲಿ ಜೋಡಿಸಿದರು.

ಆದರೆ ಈ ಕೆಲಸಗಳಿಗೆಲ್ಲ ಮೊದಲು ಅವರು ಮಾಡಿದ ಕೆಲಸ ಬೇರೆಯೇ ಇದೆ. ನನ್ನನ್ನು ಬಹುವಾಗಿ ಸೆಳೆದದ್ದೂ ಅದೇ. ಕೋಡನ್ನು ಮುಟ್ಟುವ ಮುನ್ನ ಅವರು ಪರೀಕ್ಷೆಗಳ ದೊಡ್ಡ ಸಂಗ್ರಹವನ್ನು ಸಿದ್ಧಗೊಳಿಸಿಕೊಂಡರು. ಆಟಗಾರನು ಕೊಟ್ಟ ಆಜ್ಞೆಗಳ ಪಟ್ಟಿ ಒಂದು ಕಡೆ, ಯಂತ್ರ ಕೊಟ್ಟ ಉತ್ತರಗಳ ಪಟ್ಟಿ ಇನ್ನೊಂದು ಕಡೆ. ಕೋಡಿನಲ್ಲಿ ಒಂದು ತಿದ್ದುಪಡಿ ಮಾಡಿದ ಕೂಡಲೇ ಈ ಆಟಗಳನ್ನೆಲ್ಲ ಯಂತ್ರವೇ ಮತ್ತೆ ಆಡಿ ನೋಡುತ್ತದೆ. ಒಂದಕ್ಷರ ಹೆಚ್ಚುಕಡಿಮೆಯಾದರೂ ಎತ್ತಿ ತೋರಿಸುತ್ತದೆ. ಇದಕ್ಕೊಂದು ತೊಡಕಿತ್ತು. ಕುಬ್ಜನು ಎಸೆದ ಚೂರಿ ತಾಗುವುದೂ ತಪ್ಪುವುದೂ ಆಕಸ್ಮಿಕ; ಪಗಡೆಯ ದಾಳದಂತೆ ಅದು ಸಲಕ್ಕೊಂದು ಬಗೆ. ಹಾಗಾದರೆ ನಿನ್ನೆಯ ಆಟವನ್ನು ಇಂದಿನದರೊಡನೆ ಹೋಲಿಸುವುದು ಹೇಗೆ? ಗಣಕದ ಆಕಸ್ಮಿಕವು ಒಂದು ‘ಬೀಜಸಂಖ್ಯೆ’ಯಿಂದ ಹುಟ್ಟುವ ಲೆಕ್ಕ. ಬೀಜ ಒಂದೇ ಆದರೆ ದಾಳ ಬೀಳುವ ಕ್ರಮವೂ ಒಂದೇ. ಅವರು ಆ ಬೀಜವನ್ನೂ ಪಟ್ಟಿಯ ಮೊದಲಲ್ಲಿ ಬರೆದಿಟ್ಟರು. ಕೋಡಿನ ಬಹುಮಟ್ಟಿಗೆ ಎಲ್ಲ ಸಾಲುಗಳೂ ಒಂದಲ್ಲ ಒಂದು ಪರೀಕ್ಷೆಯಲ್ಲಿ ನಡೆದು ಬರುವಂತೆ ನೋಡಿಕೊಂಡರು. ಜೀರ್ಣೋದ್ಧಾರಕ್ಕೆ ಕಲ್ಲುಗಳನ್ನು ಕಳಚುವ ಮುನ್ನ ಒಂದೊಂದಕ್ಕೂ ಅಂಕಿ ಬರೆದುಕೊಳ್ಳುವ ಸ್ಥಪತಿಯ ವಿವೇಕ ಇದು.

ಹಳೆಯ ರೂಪ ಬೇಕೆನ್ನುವವರನ್ನೂ ಅ��ರು ಮರೆಯಲಿಲ್ಲ. ಆಟವನ್ನು ಆರಂಭಿಸುವಾಗ ಒಂದು ಸಣ್ಣ ಗುರುತನ್ನು ಕೊಟ್ಟರೆ ಹೊಸ ಅನುಕೂಲಗಳೆಲ್ಲ ಸರಿದು, ಆಟ ಹಿಂದಿನ ಚಾಳಿಯಲ್ಲಿಯೇ ನಡೆಯುತ್ತದೆ. ಶುದ್ಧಪಾಠವನ್ನು ಮೇಲೆ ಅಚ್ಚುಹಾಕಿ, ಹಸ್ತಪ್ರತಿಯ ಪಾಠವನ್ನು ಅಡಿಟಿಪ್ಪಣಿಯಲ್ಲಿ ಉಳಿಸುವ ಸಂಪಾದಕನ ಮರ್ಯಾದೆಯನ್ನು ಇಲ್ಲಿ ಕಾಣಬಹುದು. ತಿದ್ದುವ ಅಧಿಕಾರವುಂಟು, ತಿದ್ದಿದ್ದನ್ನು ಮುಚ್ಚಿಡುವ ಅಧಿಕಾರವಿಲ್ಲ.

ದೇವಾಲಯವೋ, ವಸ್ತುಸಂಗ್ರಹಾಲಯವೋ?

ಇಲ್ಲೊಂದು ಆಕ್ಷೇಪವನ್ನು ಎತ್ತಬಹುದು. ಇಷ್ಟೆಲ್ಲ ತಿದ್ದುವುದೇಕೆ? ಹಳೆಯ ಯಂತ್ರದಂತೆಯೇ ನಟಿಸುವ ಪ್ರೋಗ್ರಾಮುಗಳು ಇಂದು ಇವೆ. ಅವಕ್ಕೆ ‘ಎಮ್ಯುಲೇಟರ್’ ಎಂದು ಹೆಸರು. ಪಿಡಿಪಿ-೧೦ನ್ನು ಅನುಕರಿಸುವಂಥವೂ ಇವೆ. ಅದರೊಳಗೆ ೧೯೭೭ರ ಆಟವನ್ನು ಒಂದಕ್ಷರವೂ ಕೆಡದಂತೆ ಇಟ್ಟರಾಗದೆ?

ಆಗುತ್ತದೆ, ಇಡಲೂ ಬೇಕು. ಆದರೆ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿರುವ ವಿಗ್ರಹಕ್ಕೂ ದೀಪ ಹಚ್ಚುವ ಗುಡಿಯ ವಿಗ್ರಹಕ್ಕೂ ಇರುವ ಅಂತರ ಇಲ್ಲಿಯೂ ಉಂಟು. ಗಾಜಿನೊಳಗಿನದನ್ನು ವಿದ್ವಾಂಸನು ನೋಡುತ್ತಾನೆ. ಊರವರು ಹೋಗುವುದು ಗುಡಿಗೆ. ಮೇಲಾಗಿ ಆ ಅನುಕರಣದ ಪ್ರೋಗ್ರಾಮೂ ಒಂದು ಕೋಡೇ ತಾನೆ? ಅದನ್ನೂ ಯಾರಾದರೂ ಹೊಸ ಯಂತ್ರಗಳಿಗೆ ಹೊತ್ತೊಯ್ಯುತ್ತಲೇ ಇರಬೇಕು. ಆಪಲ್ ಕಂಪೆನಿಯ ಮ್ಯಾಕಿಂಟಾಷನ್ನೇ ನೋಡಿ. ೧೯೮೪ರಲ್ಲಿ ಹುಟ್ಟಿದ ಆ ಯಂತ್ರದ ಹೃದಯವಾದ ಸಂಸ್ಕಾರಕ ೧೯೯೪ರಲ್ಲಿ ಒಮ್ಮೆ, ೨೦೦೬ರಲ್ಲಿ ಒಮ್ಮೆ, ೨೦೨೦ರಲ್ಲಿ ಮತ್ತೊಮ್ಮೆ ಬೇರೆ ಜಾತಿಯದಾಯಿತು. ಹೆಸರು ಅದೇ, ಒಳಗಿನ ಭಾಷೆ ಮಾತ್ರ ಬೇರೆ. ಒಂದಕ್ಷರವನ್ನೂ ಬದಲಿಸದೆ ಸುಮ್ಮನೆ ಇಟ್ಟ ಕೋಡ್ ಕೂಡ ಕಾಲ ಸರಿದಂತೆ ಕೆಡುತ್ತದೆ. ಏಕೆಂದರೆ ಅದು ನಿಂತ ನೆಲ ಸರಿಯುತ್ತಿರುತ್ತದೆ. ಆದ್ದರಿಂದ ಪೋರ್ಟಿಂಗ್ ಎಂಬುದು ಒಂದು ಸಲ ಮಾಡಿ ಮುಗಿಸುವ ಕೆಲಸವಲ್ಲ, ವರ್ಷವರ್ಷವೂ ಮಾಡು ಹೊದಿಸಬೇಕಾದ ಮನೆ. ಹೊದಿಸುವವರಲ್ಲಿ ಬಹುಮಂದಿ ಸಂಬಳವಿಲ್ಲದೆ, ಪ್ರೀತಿಗಾಗಿ ದುಡಿಯುವವರು. ಅವರು ಬೇಸತ್ತು ಕೈಬಿಟ್ಟ ದಿನ ಮಾಡು ಸೋರಲಾರಂಭಿಸುತ್ತದೆ.

ಹಾಗೆ ಹೊದಿಸುತ್ತ ಬಂದದ್ದರ ಫಲವೂ ಕಣ್ಣೆದುರಿಗಿದೆ. ಈ ಆಟದಿಂದ ಸ್ಫೂರ್ತಿಗೊಂಡು ೧೯೮೦ರಲ್ಲಿ ‘ಮಿಸ್ಟರಿ ಹೌಸ್’ ಎಂಬ ಸಚಿತ್ರ ಆಟವನ್ನು ರಚಿಸಿದ ರಾಬರ್ಟಾ ವಿಲಿಯಮ್ಸ್ ಅವರು, ನಾಲ್ವತ್ತು ವರ್ಷಗಳ ತರುವಾಯ ತಮ್ಮ ಪತಿಯೊಡನೆ ಸೇರಿ ಇದೇ ಗುಹೆಯನ್ನು ಕಣ್ಣಿಗೆ ಕಾಣುವ ಮೂರು ಆಯಾಮದ ಲೋಕವಾಗಿ ೨೦೨೩ರಲ್ಲಿ ಹೊರತಂದರು. ಮೊಮ್ಮಗಳು ಅಜ್ಜಿಯ ಋಣ ತೀರಿಸಿದ ಹಾಗೆ. ಮೂಲ ಉಳಿದಿದ್ದರಿಂದಲೇ ಋಣ ತೀರಿಸಲು ಸಾಧ್ಯವಾಯಿತು.

ನಮ್ಮ ಮನೆಯ ಮಾತು

ಇದೆಲ್ಲ ಪರದೇಶದ ಕಥೆ, ನಮಗೇನು ಎಂದು ವಾಚಕರು ಕೇಳಬಹುದು. ನಮ್ಮ ಮನೆಯ ಕಪಾಟನ್ನು ಒಮ್ಮೆ ತೆರೆದು ನೋಡೋಣ. ಕನ್ನಡವು ಗಣಕಕ್ಕೆ ಕಾಲಿಟ್ಟ ಮೊದಲ ದಿನಗಳಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿಯೇ ಕನ್ನಡ ಅಕ್ಷರಗಳ ತುಂಡುಗಳನ್ನು ಕೂರಿಸಿ, ಬೇರೆ ಬೇರೆ ತಂತ್ರಾಂಶದವರು ತಮ್ಮ ತಮ್ಮ ಫಾಂಟುಗಳನ್ನು ಮಾಡಿಕೊಂಡರು. ಇದೂ ಪೆಟ್ಟಿಗೆಯೊಳಗೆ ತುರುಕಿದ ಜಾಣತನವೇ. ಆ ಫಾಂಟು ಇದ್ದ ಯಂತ್ರದಲ್ಲಿ ಕಣ್ಣಿಗೆ ಕನ್ನಡವೇ ಕಾಣುತ್ತಿತ್ತು. ಇಲ್ಲದ ಯಂತ್ರದಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಅರ್ಥವಿಲ್ಲದ ರಾಶಿ. ಲೋಕದ ಲಿಪಿಗಳಿಗೆಲ್ಲ ಪ್ರತ್ಯೇಕ ಸ್ಥಾನ ಕೊಟ್ಟ ಯುನಿಕೋಡ್ ೧೯೯೧ರಲ್ಲಿ ಮೊದಲು ಪ್ರಕಟವಾದಾಗಲೇ ಅದರಲ್ಲಿ ಕನ್ನಡಕ್ಕೆ ೧೨೮ ಮನೆಗಳ ಓಣಿಯೊಂದು ಮೀಸಲಾಗಿತ್ತು. ಆದರೂ ನಾವು ಆ ಓಣಿಗೆ ವಾಸ ಬದಲಾಯಿಸಿದ್ದು ತಡವಾಗಿ. ಅದಕ್ಕೆ ಮುನ್ನ ಅಚ್ಚಿಗಾಗಿ ಜೋಡಿಸಿದ ಎಷ್ಟೋ ಕಥೆ, ಕಾದಂಬರಿ, ಪ್ರೌಢಪ್ರಬಂಧಗಳ ಕಡತಗಳು ಇಂದಿಗೂ ಹಳೆಯ ಡಿಸ್ಕುಗಳಲ್ಲಿ ಮೂಕವಾಗಿ ಮಲಗಿವೆ.

ಅವನ್ನು ಎಬ್ಬಿಸುವ ಪರಿವರ್ತಕಗಳನ್ನು ಕನ್ನಡದ ತರುಣರು ಬರೆದಿದ್ದಾರೆ, ಅವುಗಳಲ್ಲಿ ಕೆಲವು ಮುಕ್ತವಾಗಿಯೂ ದೊರೆಯುತ್ತವೆ. ಒತ್ತಕ್ಷರ, ರೇಫ, ದೀರ್ಘಗಳ ಸ್ಥಾನ ಹಳೆಯ ಫಾಂಟಿನಲ್ಲಿ ಒಂದು ಬಗೆ, ಯುನಿಕೋಡಿನಲ್ಲಿ ಇನ್ನೊಂದು ಬಗೆ. ಅದನ್ನು ಸರಿಗೊಳಿಸುವುದು ನಾರ್ತ್‌ಈಸ್ಟಿನ ಐದಕ್ಷರದ ಗಂಟನ್ನು ಬಿಡಿಸುವುದಕ್ಕಿಂತ ಸುಲಭವೇನಲ್ಲ. ಈ ಕೆಲಸಕ್ಕೆ ಪ್ರಶಸ್ತಿಯಿಲ್ಲ, ಸನ್ಮಾನವಿಲ್ಲ. ಕವಿಗೆ ಹಾರ ಹಾಕಿದ ನಾಡು ಪ್ರತಿಯೆತ್ತಿದವನಿಗೆ ಹಿಂದೆಯೂ ಹಾಕಲಿಲ್ಲ.

ಹಾರದ ಮಾತು ಹಾಗಿರಲಿ. ಕಡತವನ್ನು ಅಳಿಸದೆ ಇಡುವುದು, ಯಾವ ಯಂತ್ರದಲ್ಲಿ ಯಾವ ಫಾಂಟಿನಲ್ಲಿ ಬರೆದದ್ದೆಂಬ ಒಂದು ಸಾಲನ್ನು ಅದರ ಜೊತೆಗೆ ಬರೆದಿಡುವುದು, ಪ್ರತಿಯೆತ್ತಲು ಬಂದವನಿಗೆ ಮನಸಾರೆ ಅಪ್ಪಣೆ ಕೊಡುವುದು, ಇಷ್ಟನ್ನು ನಮ್ಮಲ್ಲಿ ಯಾರೂ ಮಾಡಬಹುದು. ವುಡ್ಸ್ ಅವರ ಹಳೆಯ ಕಡತ ಉಳಿದದ್ದರಿಂದ ಕ್ರೌದರ್ ಅವರ ಮೂಲ ಸಿಕ್ಕಿತು; ಕ್ರೌದರ್ ಅಪ್ಪಣೆ ಕೊಟ್ಟಿದ್ದರಿಂದ ಆಟ ಬೆಳೆಯಿತು; ಇಬ್ಬರೂ ಮತ್ತೊಮ್ಮೆ ಒಪ್ಪಿದ್ದರಿಂದ ಅದು ಇಂದಿನ ಯಂತ್ರಗಳಲ್ಲಿ ಓಡುತ್ತಿದೆ. ಗುಹೆಯೊಳಗೆ ಹೋಗುವವನು ಮೊದಲು ದೀಪವನ್ನು ತೆಗೆದುಕೊಳ್ಳಬೇಕೆಂಬುದು ಆ ಆಟದ ಮೊದಲ ಪಾಠ. ಆ ದೀಪವನ್ನು ನಮ್ಮ ಹಿಂದೆ ಬರುವವರ ಕೈಗೆ ಆರದಂತೆ ದಾಟಿಸುವುದು ಅದನ್ನು ಉಳಿಸಿದವರು ಕಲಿಸಿದ ಪಾಠ.